ಸಭೆಯಲ್ಲಿ ಎಲ್ಲರೂ ‘ಆಯ್ತು’ ಅಂದರು, ನೀರಿನ ಮೀಟರ್ ಹಾಕೋಕೆ ಹೋದರೆ ಬಾಗಿಲೇ ತೆಗೆಯಲಿಲ್ಲ

ಸಂಪ್_ಕಾವಲುಗಾರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮದು ಬೆಂಗಳೂರಿನ ಅಂಚಿನಲ್ಲಿರುವ 48 ಮನೆಗಳ ಅಪಾರ್ಟ್‌ಮೆಂಟ್. ಎರಡು ಬೋರ್‌ವೆಲ್ ಇದ್ದವು. 2024ರ ಬೇಸಿಗೆಯಲ್ಲಿ ಒಂದು ಪೂರ್ತಿ ಕೈಕೊಟ್ಟಿತು. ಇನ್ನೊಂದು ಅರ್ಧ ಗಂಟೆ ಓಡಿದರೆ ಬರೀ ಗಾಳಿ. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತ್ತು, ನೆನಪಿರಬಹುದು. 5 ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ. ಆ ದರಕ್ಕೆ ನಮಗೆ ಸಿಕ್ಕಿದ್ದು ಎರಡೇ ಲೋಡ್. ಆಗಿನಿಂದ ಮೇಂಟೆನೆನ್ಸ್ ದುಡ್ಡಿನಲ್ಲಿ ಹೆಚ್ಚುಕಮ್ಮಿ ಅರ್ಧ ನೀರಿಗೇ ಹೋಗುತ್ತಿದೆ. ಆ ಖರ್ಚನ್ನು 48ರಿಂದ ಭಾಗಿಸಿ ಎಲ್ಲರಿಗೂ ಒಂದೇ ಬಿಲ್ ಹಾಕುತ್ತೇವೆ. ಇಬ್ಬರಿರುವ ಮನೆಗೂ ಅಷ್ಟೇ, ಏಳು ಜನರ ಮನೆಗೂ ಅಷ್ಟೇ. ಜಗಳ ಶುರುವಾಗಿದ್ದೇ ಇಲ್ಲಿ.

ಹೋದ ತಿಂಗಳು ಒಂದು ಭಾನುವಾರ ಪಾರ್ಕಿಂಗ್‌ನಲ್ಲಿ ಕುರ್ಚಿ ಹಾಕಿ ಸಭೆ ಕರೆದೆವು. ನಾನು ಸೆಕ್ರೆಟರಿ. 31 ಮನೆಯವರು ಬಂದಿದ್ದರು, ನಮ್ಮ ಮಟ್ಟಿಗೆ ಅದೇ ದಾಖಲೆ. ಮನೆ ಮನೆಗೂ ಮೀಟರ್ ಹಾಕಿಸೋಣ, ಬಳಸಿದಷ್ಟಕ್ಕೆ ದುಡ್ಡು ಕಟ್ಟೋಣ ಅಂದೆ. ಇಬ್ಬರು ಮೂವರು ಏನೋ ಪ್ರಶ್ನೆ ಕೇಳಿದರು. ಕೊನೆಗೆ ‘ಯಾರದ್ದಾದರೂ ವಿರೋಧ ಇದೆಯಾ?’ ಅಂತ ಮೂರು ಸಲ ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ‘ಸರ್ವಾನುಮತದಿಂದ ಒಪ್ಪಲಾಯಿತು’ ಅಂತ ನಡಾವಳಿ ಬರೆದು ಸಹಿ ಹಾಕಿಸಿಕೊಂಡೆ.

ಬುಧವಾರ ಪ್ಲಂಬರ್ ಬಂದ. 11 ಮನೆಯವರು ಬಾಗಿಲು ತೆಗೆದರು. ಉಳಿದವರದ್ದು ಒಬ್ಬೊಬ್ಬರದ್ದು ಒಂದೊಂದು ಕಥೆ. ‘ಯಜಮಾನರು ಊರಲ್ಲಿಲ್ಲ.’ ‘ಮೊನ್ನೆ ತಾನೇ ಬಾತ್‌ರೂಮ್ ಟೈಲ್ಸ್ ಹಾಕಿಸಿದ್ದೀವಿ.’ ‘ಮೊದಲು ಎದುರು ಮನೆಯವರದ್ದು ಆಗಲಿ.’ ಒಬ್ಬರಂತೂ ಬಾಗಿಲ ಸಂದಿಯಿಂದಲೇ ‘ನೋಡೋಣ’ ಅಂದರು. ಇವರೆಲ್ಲ ಸಹಿ ಹಾಕಿದವರೇ!

ಸಹಿ ಹಾಕಿದ ಮೇಲೆ ಹೀಗೆ ಮಾಡಿದರೆ ಸಭೆ ಯಾಕೆ ಬೇಕು? ನಿಮ್ಮ ಕಡೆ, ಅಪಾರ್ಟ್‌ಮೆಂಟೇ ಆಗಬೇಕಂತಿಲ್ಲ, ಊರು, ಸಂಘ, ಡೈರಿ, ಏನೇ ಇರಲಿ, ನಾಲ್ಕು ಜನ ಕೂತು ಒಂದು ತೀರ್ಮಾನಕ್ಕೆ ಬಂದು ಅದು ನಿಜವಾಗಿ ನಡೆದಿದ್ದಿದೆಯಾ? ಹೇಗೆ ನಡೆಯಿತು?

ಮೂರನೇ_ಮಹಡಿ

ಒಂದೇ ಪ್ರಶ್ನೆ. ಆ ‘ವಿರೋಧ ಇದೆಯಾ’ ಅಂತ ಕೇಳಿದ್ದು ಎಷ್ಟು ಗಂಟೆಗೆ?

ಸಂಪ್_ಕಾವಲುಗಾರ

ಸಭೆ ಶುರುವಾಗಿದ್ದು ಹತ್ತೂವರೆಗೆ. ಮೊದಲು ಲಿಫ್ಟ್ ರಿಪೇರಿ, ಆಮೇಲೆ ನಾಯಿ ವಿಷಯ. ನಾಯಿ ವಿಷಯ ಒಂದು ಗಂಟೆ ಎಳೆಯಿತು. ನೀರಿನ ವಿಷಯಕ್ಕೆ ಬರುವಾಗ ಹನ್ನೆರಡು ಆಗಿತ್ತು. ಕೇಳಿದ್ದು ಹನ್ನೆರಡು ಇಪ್ಪತ್ತಕ್ಕೆ ಇರಬೇಕು.

ಮೂರನೇ_ಮಹಡಿ

ಅದೇ ಅಂದುಕೊಂಡೆ. ಮನೆಯಿಂದ ಕುಕ್ಕರ್ ಕೂಗುವುದು ಕೇಳಿಸುತ್ತಿರುವಾಗ ಯಾರು ಸ್ವಾಮಿ ಕೈ ಎತ್ತುತ್ತಾರೆ? ಎತ್ತಿದರೆ ಇನ್ನೂ ಅರ್ಧ ಗಂಟೆ ಕೂರಬೇಕು. ನಿಮಗೆ ಸಿಕ್ಕಿದ್ದು ಒಪ್ಪಿಗೆ ಅಲ್ಲ, ಹಸಿವು.

ಇನ್ನೊಂದು. ನಮ್ಮವರು ‘ಬೇಡ’ ಅನ್ನೋದು ಕಡಿಮೆ. ಮುಖ ನೋಡಿ ಬೇಡ ಅಂದರೆ ಸಂಬಂಧ ಕೆಡುತ್ತೆ ಅಂತ. ಅದಕ್ಕೆ ಬೇರೆ ಮಾತುಗಳಿವೆ. ‘ನೋಡೋಣ’ ಅಂದರೆ ಬೇಡ. ‘ಮನೇಲಿ ಕೇಳಿ ಹೇಳ್ತೀನಿ’ ಅಂದರೆ ಬೇಡ, ಆದರೆ ನನ್ನ ಮೇಲೆ ಹಾಕಬೇಡಿ. ‘ಎಲ್ಲರದ್ದೂ ಏನೋ ನಂದೂ ಅದೇ’ ಅಂದರೆ ನನಗೆ ಇಷ್ಟವಿಲ್ಲ, ಆದರೆ ಮೊದಲು ಹೇಳುವವನು ನಾನಾಗಲ್ಲ. ನಿಮ್ಮ 31 ಜನರಲ್ಲಿ ಈ ಕೊನೆಯ ಗುಂಪಿನವರೇ ಇಪ್ಪತ್ತು ಇದ್ದರು ಅಂತ ಕಾಣುತ್ತೆ.

ಬೈಲಾ_ಭಾವ

ಕಾನೂನಿನ ಕಡೆಯಿಂದ ಒಂದು ಮಾತು, ಸಣ್ಣದು. ಬೆಂಗಳೂರಿನಲ್ಲಿ ಕೆಲವು ಸಂಘಗಳು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗೆ ಇವೆ, ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ. ನಿಮ್ಮದು ಯಾವುದು, ಬೈಲಾದಲ್ಲಿ (ಸಂಘದ ನಿಯಮಾವಳಿಯಲ್ಲಿ) ಕೋರಂ ಎಷ್ಟು, ಅಂದರೆ ಸಭೆಗೆ ಕನಿಷ್ಠ ಎಷ್ಟು ಜನ ಇರಬೇಕು, ವೋಟು ಮನೆಗೆ ಒಂದೋ ಅಥವಾ ಡಿಕ್ಲರೇಷನ್ ಪತ್ರದಲ್ಲಿರುವ ಪಾಲಿನ ಲೆಕ್ಕವೋ, ಮೊದಲು ನೋಡಿ. ಬಂದಿದ್ದ 31 ಜನರಲ್ಲಿ ಬಾಡಿಗೆದಾರರು ಎಷ್ಟು ಅಂತಲೂ ನೋಡಿ. ಬಾಡಿಗೆದಾರ ನೀರು ಬಳಸುತ್ತಾನೆ, ಬಿಲ್ ಕಟ್ಟುತ್ತಾನೆ, ಆದರೆ ವೋಟು ಮಾಲೀಕನದ್ದು. ಗೋಡೆ ಒಡೆಯೋಕೆ ಒಪ್ಪಿಗೆಯೂ ಮಾಲೀಕನದ್ದೇ.

ಆದರೆ ಇದೆಲ್ಲ ಸರಿ ಇದ್ದರೂ ಬಾಗಿಲು ತೆಗೆಸೋಕೆ ಆಗಲ್ಲ. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಅಚ್ಚುಕಟ್ಟಿನವನು

ಸರ್, ನಮ್ಮದು ಕೋಲಾರದ ಕಡೆ. ನದಿ ಇಲ್ಲ, ಕಾಲುವೆ ಇಲ್ಲ, ಇದ್ದಿದ್ದು ಕೆರೆ ಮಾತ್ರ. ನಮ್ಮ ಅಜ್ಜ ಹೇಳುತ್ತಿದ್ದ ಒಂದು ಪದ್ಧತಿ ನಿಮಗೆ ಉಪಯೋಗಕ್ಕೆ ಬರಬಹುದು.

ಕೆರೆ ತುಂಬಿ ಕೋಡಿ ಬಿದ್ದ ವರ್ಷ ಯಾವ ಸಭೆಯೂ ಬೇಕಿರಲಿಲ್ಲ. ಎಲ್ಲರ ಗದ್ದೆಗೂ ನೀರು. ಒಂದು ಹನಿಯೂ ಬರದ ವರ್ಷವೂ ಸಭೆ ಬೇಕಿರಲಿಲ್ಲ, ಎಲ್ಲರೂ ಕೂಲಿಗೆ ಹೋಗುತ್ತಿದ್ದರು. ಕಷ್ಟ ಇದ್ದಿದ್ದು ಕೆರೆ ಅರೆಬರೆ ತುಂಬಿದ ವರ್ಷ. ಅಂಥ ವರ್ಷಕ್ಕೆ ದಮಾಶ ಅಂತ ಒಂದು ಲೆಕ್ಕ ಇತ್ತು.

ಹಿರಿಯರು ಏರಿ ಮೇಲೆ ನಿಂತು ನೀರು ನೋಡುತ್ತಿದ್ದರು. ಈ ನೀರು ಎಷ್ಟು ಎಕರೆ ಬೆಳೆಗೆ ಕೊನೆತನಕ ಸಾಕು ಅಂತ ಮೊದಲು ತೀರ್ಮಾನ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹಾಯುವ ಗದ್ದೆ, ನೂರು ಎಕರೆ, ನೀರು ನಲವತ್ತಕ್ಕೆ ಸಾಕು ಅಂತ ಇಟ್ಟುಕೊಳ್ಳಿ. ಆಗ ತೂಬಿನ (ಕೆರೆಯಿಂದ ನೀರು ಬಿಡುವ ಕಂಡಿ) ಹತ್ತಿರ ಗದ್ದೆ ಇದ್ದವರು ಬೆಳೆದುಕೊಳ್ಳಲಿ, ಕೆಳಗಿನವರು ಬಾಯಿಬಾಯಿ ಬಿಡಲಿ ಅಂತಲ್ಲ. ತೂಬಿಗೆ ಹತ್ತಿರದ ಆ ನಲವತ್ತು ಎಕರೆಯನ್ನೇ ಆ ಒಂದು ಬೆಳೆಯ ಮಟ್ಟಿಗೆ ಎಲ್ಲರಿಗೂ ಹಂಚುತ್ತಿದ್ದರು, ಅವರವರ ಹಿಡುವಳಿಗೆ ತಕ್ಕ ಹಾಗೆ. ಹತ್ತು ಎಕರೆ ಇದ್ದವನಿಗೆ ನಾಲ್ಕು ಎಕರೆ. ಒಂದು ಎಕರೆ ಇದ್ದವನಿಗೆ ಹದಿನಾರು ಗುಂಟೆ. ನಿಮ್ಮ ಗದ್ದೆಯಲ್ಲಿ ಆ ವರ್ಷ ಇನ್ನೊಬ್ಬ ಉಳುತ್ತಾನೆ, ನೀವು ಸುಮ್ನಿರಬೇಕು. ಮುಂದಿನ ವರ್ಷ ಗದ್ದೆ ನಿಮ್ಮದೇ.

ಯೋಚನೆ ಮಾಡಿ, ಸ್ವಂತ ಗದ್ದೆ ಬಿಟ್ಟುಕೊಡುವುದು ಅಂದರೆ ಎಷ್ಟು ದೊಡ್ಡ ಮಾತು. ಆದರೂ ಒಪ್ಪುತ್ತಿದ್ದರು. ಯಾಕೆ ಅಂತ ಅಜ್ಜನನ್ನು ಕೇಳಿದ್ದೆ. ‘ಸೂತ್ರ ಮೊದಲೇ ಇತ್ತಲ್ಲೋ, ಆ ವರ್ಷ ಕೂತು ಮಾಡಿದ್ದಲ್ಲ’ ಅಂದರು. ಬರ ಬಂದ ಮೇಲೆ ಲೆಕ್ಕ ಹಾಕಲು ಕೂತರೆ ಪ್ರತಿಯೊಬ್ಬನಿಗೂ ತನ್ನ ಗದ್ದೆ ಎಲ್ಲಿದೆ ಅಂತ ಗೊತ್ತಿರುತ್ತೆ. ಅದಕ್ಕೆ ತಕ್ಕ ನ್ಯಾಯ ಹುಡುಕುತ್ತಾನೆ. ನಿಮ್ಮ ಸಭೆ ನಡೆದಿದ್ದು ಬರ ಬಂದ ಮೇಲೆ.

ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನುವುದೆಲ್ಲ ನೀರುಗಂಟಿಯ ಕೆಲಸ. ಗದ್ದೆಯ ಯಜಮಾನ ಕಾಲುವೆಗೆ ಕೈ ಹಾಕುವಂತಿಲ್ಲ. ನೀರುಗಂಟಿಗೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಕಾಳು ಅಂತ ಕೊಡುತ್ತಿದ್ದರು. ಬಹಳ ಕಡೆ ಅವನಿಗೆ ಆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇರುತ್ತಿರಲಿಲ್ಲ. ಅದಕ್ಕೇ ಅವನ ಮೇಲೆ ನಂಬಿಕೆ. ನಿಮ್ಮಲ್ಲಿ ಸೆಕ್ರೆಟರಿಯೂ ನೀವೇ, ಮೀಟರ್ ಬೇಕು ಅನ್ನುವವರೂ ನೀವೇ. ಕೋಪ ಮಾಡಿಕೊಳ್ಳಬೇಡಿ, ನಿಮ್ಮ ಮನೆಯಲ್ಲಿ ಎಷ್ಟು ಜನ?

ಸಂಪ್_ಕಾವಲುಗಾರ

ಇಬ್ಬರು.

ಹೌದು, ಗೊತ್ತಾಯಿತು.

ನೀರುಗಂಟಿ_ಮೊಮ್ಮಗ

ಅಚ್ಚುಕಟ್ಟಿನವರು ಹೇಳಿದ್ದು ನಿಜ. ಆದರೆ ಅರ್ಧ ಮಾತ್ರ.

ನಮ್ಮ ತಾತ ನೀರುಗಂಟಿ. ನಮ್ಮ ಕಡೆ ನೀರುಗಂಟಿಗಳು ಬಹುಪಾಲು ದಲಿತರೇ. ಗದ್ದೆ ಇರಲಿಲ್ಲ ಅಂತ ನಂಬುತ್ತಿದ್ದರು ಅಂತೀರಿ. ಗದ್ದೆ ಯಾಕೆ ಇರಲಿಲ್ಲ ಅಂತ ಯಾರೂ ಕೇಳಲ್ಲ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ಹೋಗಿ ತೂಬಿನೊಳಗೆ ಇಳಿಯುತ್ತಿದ್ದದ್ದು ತಾತ. ಕೆರೆಯಲ್ಲಿ ಎಷ್ಟು ನೀರಿದೆ, ಎಷ್ಟು ದಿನ ಬರುತ್ತೆ ಅಂತ ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದೂ ಅವರಿಗೇ. ಆದರೆ ತೀರ್ಮಾನ ಮಾಡುವಾಗ ಜಗಲಿ ಮೇಲೆ ಕೂರುತ್ತಿದ್ದವರು ಬೇರೆ. ತಾತ ಕೆಳಗೆ ನಿಂತು, ಕೇಳಿದಾಗ ಉತ್ತರ ಹೇಳಬೇಕಿತ್ತು. ಕೇಳದಿದ್ದರೆ ಇಲ್ಲ.

ಊರು ಸೇರಿ ಒಟ್ಟಿಗೆ ಮಾಡಿದ ತೀರ್ಮಾನ ಅಂತ ಹಳೆಯದನ್ನು ಹೊಗಳುವಾಗ ಇದನ್ನೂ ಸೇರಿಸಿಕೊಳ್ಳಿ. ಮತ್ತೆ ಸೆಕ್ರೆಟರಿ ಸರ್, ನಿಮ್ಮ ಅಪಾರ್ಟ್‌ಮೆಂಟ್‌ನಲ್ಲೂ ಒಬ್ಬ ನೀರುಗಂಟಿ ಇರುತ್ತಾನೆ. ಮೋಟಾರ್ ಆನ್ ಮಾಡುವವನು, ಬೆಳಗ್ಗೆ ಸಂಪ್‌ಗೆ ಕೋಲು ಇಳಿಸಿ ನೋಡುವವನು. ಆ ಸಭೆಗೆ ಅವನನ್ನು ಕರೆದಿದ್ರಾ?

ಸಂಪ್_ಕಾವಲುಗಾರ

ಇಲ್ಲ. ಕುರ್ಚಿ ಹಾಕಿದ್ದು ಅವನೇ. ಆಮೇಲೆ ಗೇಟ್ ಹತ್ತಿರ ನಿಂತಿದ್ದ.

ಅಚ್ಚುಕಟ್ಟಿನವನು

ನೀರುಗಂಟಿ_ಮೊಮ್ಮಗ ಅಣ್ಣಾ, ನೀವು ಹೇಳಿದ್ದು ಸರಿ. ನಮ್ಮ ಅಜ್ಜ ಜಗಲಿ ಮೇಲೆ ಕೂತವರಲ್ಲೊಬ್ಬರು. ಅವರು ಹೇಳಿದ ಕಥೆಯಲ್ಲಿ ಇದು ಬರಲೇ ಇಲ್ಲ.

ಗಣಿತದ_ಮೇಷ್ಟ್ರು

ಬೇರೆ ಕಡೆಯಿಂದ ನೋಡೋಣ. ಎಲ್ಲರೂ ಪ್ರಾಮಾಣಿಕವಾಗಿ, ಹೊಟ್ಟೆ ತುಂಬಿದ ಮೇಲೆ ವೋಟು ಹಾಕಿದರೂ ತೀರ್ಮಾನ ಸಿಗದೇ ಇರಬಹುದು. ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ತೋರಿಸಿದ ತೊಡಕು ಇದು. ನಿಮ್ಮ ಮನೆಗಳನ್ನೇ ಇಟ್ಟು ಹೇಳುತ್ತೇನೆ.

ಮೂರು ದಾರಿ ಇವೆ. ಮೀಟರ್, ತಲೆ ಲೆಕ್ಕ (ಮನೆಯಲ್ಲಿ ಎಷ್ಟು ಜನವೋ ಅಷ್ಟು ಬಿಲ್), ಸಮಪಾಲು (ಈಗಿನ ಹಾಗೆ ಎಲ್ಲ ಮನೆಗೂ ಒಂದೇ ಬಿಲ್). 48 ಮನೆಗಳಲ್ಲಿ 16ರಂತೆ ಮೂರು ಗುಂಪು ಅಂದುಕೊಳ್ಳಿ.

ಮೊದಲ ಗುಂಪು ಇಬ್ಬರೇ ಇರುವ, ಕೆಲಸಕ್ಕೆ ಹೋಗುವ ಮನೆಗಳು. ಅವರಿಗೆ ಮೊದಲು ಮೀಟರ್, ಇಲ್ಲದಿದ್ದರೆ ತಲೆ ಲೆಕ್ಕ, ಕೊನೆಗೆ ಸಮಪಾಲು.

ಎರಡನೆಯದು ಜನ ಕಮ್ಮಿ, ನೀರು ಜಾಸ್ತಿ ಇರುವ ಮನೆಗಳು. ಬಾಲ್ಕನಿ ತುಂಬ ಗಿಡ, ದಿನಾ ನೆಲ ತೊಳೆಯಬೇಕು. ಅವರಿಗೆ ಮೊದಲು ತಲೆ ಲೆಕ್ಕ, ಆಮೇಲೆ ಸಮಪಾಲು, ಮೀಟರ್ ಅಂತೂ ಬೇಡವೇ ಬೇಡ.

ಮೂರನೆಯದು ದೊಡ್ಡ ಕುಟುಂಬಗಳು, ಆದರೆ ಬಕೆಟ್ ಲೆಕ್ಕದಲ್ಲಿ ಬಳಸುವವರು. ಅವರಿಗೆ ಮೊದಲು ಸಮಪಾಲು, ನಂತರ ಮೀಟರ್, ತಲೆ ಲೆಕ್ಕ ಕೊನೆಗೆ.

ಈಗ ಎರಡೆರಡಾಗಿ ವೋಟಿಗೆ ಹಾಕಿ. ಮೀಟರಾ ತಲೆ ಲೆಕ್ಕವಾ ಅಂದರೆ ಒಂದು ಮತ್ತು ಮೂರನೇ ಗುಂಪು ಸೇರಿ 32–16ರಲ್ಲಿ ಮೀಟರ್ ಗೆಲ್ಲುತ್ತೆ. ತಲೆ ಲೆಕ್ಕವಾ ಸಮಪಾಲಾ ಅಂದರೆ 32–16ರಲ್ಲಿ ತಲೆ ಲೆಕ್ಕ. ಹಾಗಾದರೆ ಮೀಟರ್ ಸಮಪಾಲನ್ನು ಸೋಲಿಸಲೇಬೇಕು ಅಲ್ವಾ? ಹಾಕಿ ನೋಡಿ. ಎರಡು ಮತ್ತು ಮೂರನೇ ಗುಂಪು ಸೇರಿ 32–16ರಲ್ಲಿ ಸಮಪಾಲು ಗೆಲ್ಲುತ್ತೆ! ಮಕ್ಕಳು ಆಡುವ ಕಲ್ಲು, ಕಾಗದ, ಕತ್ತರಿ ಆಟದ ಹಾಗೆ ಸುತ್ತುತ್ತಲೇ ಇರುತ್ತದೆ.

ಇಂಥ ಕಡೆ ಗೆಲ್ಲುವುದು ಯಾರು ಗೊತ್ತಾ? ಯಾವುದನ್ನು ಮೊದಲು ವೋಟಿಗೆ ಹಾಕಬೇಕು ಅಂತ ನಿರ್ಧರಿಸುವವನು. ಅಂದರೆ ಸೆಕ್ರೆಟರಿ. ನೀವು ಒಂದೇ ದಾರಿ ಮುಂದಿಟ್ಟು ವಿರೋಧ ಇದೆಯಾ ಅಂತ ಕೇಳಿದಿರಿ. ಅಲ್ಲಿಗೆ ಆಟ ಮುಗಿದಿತ್ತು. ಜನರಿಗೆ ಈ ಗಣಿತ ಗೊತ್ತಿರಲ್ಲ, ಆದರೆ ತಮ್ಮನ್ನು ಯಾರೋ ದಾರಿ ಹಿಡಿಸಿದರು ಅಂತ ವಾಸನೆ ಬಡಿಯುತ್ತೆ.

ಒಂದು ಸುಲಭ ಉಪಾಯ ಇದೆ. ಚೀಟಿಯಲ್ಲಿ ಎಲ್ಲ ದಾರಿಗಳನ್ನೂ ಬರೆದು, ‘ಇವುಗಳಲ್ಲಿ ನಿಮಗೆ ಯಾವುದೆಲ್ಲ ನಡೆಯುತ್ತೆ, ಎಲ್ಲಕ್ಕೂ ಟಿಕ್ ಹಾಕಿ’ ಅನ್ನಿ. ಯಾವುದು ಇಷ್ಟ ಅಂತ ಕೇಳಬೇಡಿ. ಯಾವುದರ ಜೊತೆ ಬದುಕಬಹುದು ಅಂತ ಕೇಳಿ.

ದ್ವಿತೀಯ_ಪಿಯು

ಮೇಷ್ಟ್ರೇ, ಪರೀಕ್ಷೆಗೆ ಬರುತ್ತಾ ಇದು?

ಎಲಿ_ಅಡಿಕಿ

ನಮಸ್ಕಾರ್ರೀ. ನಾ ಹಾವೇರಿ ಕಡೆಯಾಕಿ. ನಮ್ಮ ಸ್ತ್ರೀಶಕ್ತಿ ಸಂಘ 2003ರಿಂದ ನಡೆದಿದೆ, ಒಟ್ಟು 17 ಜನ. ವಾರಕ್ಕೊಮ್ಮೆ ಕೂಡುತ್ತೇವೆ. ಉಳಿತಾಯ ಕಟ್ಟುವುದು, ಸಾಲ ಯಾರಿಗೆ ಅಂತ ಹೇಳುವುದು. ಹೊರಗಿನವರಿಗೆ ಸಣ್ಣ ಕೆಲಸ ಅನ್ನಿಸುತ್ತದೆ. ಕೈಯಲ್ಲಿ ಇರುವುದು ಇಪ್ಪತ್ತು ಸಾವಿರ, ಕೇಳುವವರು ನಾಲ್ಕು ಮಂದಿ. ಒಬ್ಬಾಕಿಗೆ ಮಗಳ ಮದುವೆ, ಒಬ್ಬಾಕಿಗೆ ಎಮ್ಮೆ, ಒಬ್ಬಾಕಿಗೆ ದವಾಖಾನೆ. ನೀವು ಹೇಳ್ರಿ, ಯಾರಿಗೆ ಇಲ್ಲ ಅಂತೀರಿ?

ಮೊದಲು ನಮ್ಮಲ್ಲೂ ಜೋರು ಬಾಯಿ ಇದ್ದವರದೇ ನಡೆಯುತ್ತಿತ್ತು. ಮೂಲೆಯಲ್ಲಿ ಕೂತವರು ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ಎದ್ದು ಹೋಗುತ್ತಿದ್ದರು. ಆಮೇಲೆ ಬಾವಿ ಕಟ್ಟೆ ಮ್ಯಾಲೆ ಖರೆ ಸಭೆ. ಅಲ್ಲಿ ಎಲ್ಲರಿಗೂ ಬಾಯಿ ಬರುತ್ತಿತ್ತು.

ನಮ್ಮ ಹಿರಿಯಕ್ಕ ಒಬ್ಬರು ಒಂದು ರೂಢಿ ಹಾಕಿದರು. ಎಲಿ ಅಡಿಕಿ ತಟ್ಟೆ ಸುತ್ತು ಬರುತ್ತದಲ್ಲ, ತಟ್ಟೆ ಯಾರ ಮುಂದೆ ಬಂತೋ ಅವರು ಎಲಿ ಮಡಚುವ ಮೊದಲು ಒಂದು ಮಾತು ಹೇಳಬೇಕು. ‘ನನಗೂ ಅದೇ’ ಅಂದರೆ ನಡೆಯುವುದಿಲ್ಲ, ಯಾಕ ಅಂತ ಹೇಳಬೇಕು. ತಟ್ಟೆ ಯಾವಾಗಲೂ ಮೂಲೆಯಿಂದಲೇ ಶುರು. ಅಧ್ಯಕ್ಷರ ಸರದಿ ಕಡೆಗೆ. ಅಧ್ಯಕ್ಷರು ಮೊದಲು ಬಾಯಿ ತೆಗೆದರೆ ಉಳಿದ ಹದಿನಾರು ಮಂದಿ ಅದನ್ನೇ ಹೇಳುತ್ತಾರೆ, ಖಾತ್ರಿ.

ಮೊದಲ ಸಲ ಆ ಮೂಲೆಯ ತಂಗಿ ಏನು ಹೇಳಿದಳು ಗೊತ್ತೇನ್ರಿ? ‘ಎಮ್ಮಿ ಸಾಲ ತಿರುಗಿ ಬರತೈತಿ, ಮದಿವಿ ಸಾಲ ಬರಂಗಿಲ್ಲ. ಮೊದಲ ಎಮ್ಮಿಗೆ ಕೊಡ್ರಿ, ಅದು ಹಾಲು ಕೊಡೂದ್ರಾಗ ಮದಿವಿಗೆ ರೊಕ್ಕ ಬರತೈತಿ.’ ಎರಡು ವರ್ಷ ಆಕೆಯ ಧ್ವನಿಯನ್ನೇ ನಾವು ಕೇಳಿರಲಿಲ್ಲ.

ಕಾವಲುಗಾರ ಅಣ್ಣಾರ, ನಿಮ್ಮ ಸಭೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ ಮಾತಾಡಿದರು? ಮನೆಯಲ್ಲಿ ನೀರು ಬಳಸುವವರು ಯಾರು ಅಂತ ಕೇಳುತ್ತಿದ್ದೇನೆ, ಮತ್ತೇನಿಲ್ಲ.

ಸಂಪ್_ಕಾವಲುಗಾರ

ಅಕ್ಕಾ, ಬಂದಿದ್ದವರಲ್ಲಿ ಹೆಂಗಸರು ಆರೋ ಏಳೋ. ಮಾತಾಡಿದ್ದು ಒಬ್ಬರು. ಅದೂ ನಾಯಿ ವಿಷಯಕ್ಕೆ.

ಗುರುವಾರ_ಮಧ್ಯಾಹ್ನ

ಕೆಲಸದ ಮೇಲೆ ಸ್ಪೇನ್‌ಗೆ ಹೋದಾಗ ವಲೆನ್ಸಿಯಾದಲ್ಲಿ ನೋಡಿದ್ದು ನೆನಪಾಯಿತು. ಅಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಚರ್ಚಿನ ಬಾಗಿಲ ಹೊರಗೆ ನೀರಿನ ನ್ಯಾಯಸ್ಥಾನ ಕೂರುತ್ತದೆ. ತೂರಿಯಾ ನದಿಯ ಎಂಟು ಕಾಲುವೆ, ಕಾಲುವೆಗೆ ಒಬ್ಬರಂತೆ ಎಂಟು ಜನ. ಅವರು ವಕೀಲರಲ್ಲ, ಅದೇ ಕಾಲುವೆಯ ರೈತರು ಆರಿಸಿದ ರೈತರು. ಕಪ್ಪು ನಿಲುವಂಗಿ ಹಾಕಿ ಅರ್ಧ ವೃತ್ತದಲ್ಲಿ ಕೂರುತ್ತಾರೆ. ಒಬ್ಬ ಒಂದೊಂದೇ ಕಾಲುವೆಯ ಹೆಸರು ಕೂಗಿ ದೂರು ಇದೆಯಾ ಅಂತ ಕೇಳುತ್ತಾನೆ. ನಾನು ಹೋದ ದಿನ ಯಾವ ದೂರೂ ಇರಲಿಲ್ಲ. ಐದು ನಿಮಿಷದಲ್ಲಿ ಎದ್ದು ಹೋದರು! ಕ್ಯಾಮೆರಾ ಹಿಡಿದು ನಿಂತಿದ್ದ ನಮಗೆಲ್ಲ ನಿರಾಸೆ.

ಆದರೆ ಆಮೇಲೆ ಅನ್ನಿಸಿತು, ದೂರು ಇಲ್ಲದಿದ್ದರೂ ಪ್ರತಿ ವಾರ ಬಂದು ಕೂರುತ್ತಾರಲ್ಲ, ಅದೇ ವಿಷಯ. ಜಗಳ ಆದ ಮೇಲೆ ಸಭೆ ಕರೆಯುವುದಲ್ಲ, ಸಭೆ ಮೊದಲೇ ಇರುತ್ತೆ. ವಾದ ಎಲ್ಲ ಬಾಯಿಮಾತಿನಲ್ಲೇ, ತೀರ್ಪು ಅಲ್ಲೇ, ಎಲ್ಲರೆದುರು. ಇನ್ನೊಂದು ಜಾಣತನ ಇದೆ. ಆರೋಪ ಬಂದವನು ನದಿಯ ಬಲದಂಡೆಯವನಾದರೆ ತೀರ್ಪು ಸೂಚಿಸುವವರು ಎಡದಂಡೆಯವರು. ಎಡದವನಾದರೆ ಬಲದವರು. 2009ರಲ್ಲಿ ಯುನೆಸ್ಕೋ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಎಲಿನಾರ್ ಆಸ್ಟ್ರಮ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಇಂಥ ಕಾಲುವೆ, ಕಾಡು, ಮೀನುಗಾರಿಕೆಗಳನ್ನು ಜನ ತಾವೇ ಹೇಗೆ ನಿಭಾಯಿಸುತ್ತಾರೆ ಅಂತ ಓಡಾಡಿ ನೋಡಿದವರು ಅವರು. ಹಂಚಿಕೊಂಡು ಬಳಸುವುದನ್ನು ಸರ್ಕಾರಕ್ಕೆ ಕೊಡಬೇಕು ಇಲ್ಲಾ ಖಾಸಗಿಯವರಿಗೆ ಮಾರಬೇಕು, ಬೇರೆ ದಾರಿಯೇ ಇಲ್ಲ ಅನ್ನುತ್ತಿದ್ದ ಕಾಲದಲ್ಲಿ, ಮೂರನೇ ದಾರಿ ಇಲ್ಲಿದೆ ನೋಡಿ ಅಂದರು.

ಮಂಡ್ಯದ_ಗಂಡು

ನೀರು ಹಂಚೋದು ಅಂತೆಲ್ಲ ಮಾತಾಡ್ತಾ ಕಾವೇರಿ ಹೆಸರೇ ಎತ್ತಲಿಲ್ಲವಲ್ಲ ಯಾರೂ? 1990ರಲ್ಲಿ ನ್ಯಾಯಮಂಡಳಿ ಆಯಿತು, 2007ರಲ್ಲಿ ಐತೀರ್ಪು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 284.75 ಟಿಎಂಸಿ ಮಾಡಿತು. ಮಳೆ ಚೆನ್ನಾಗಿ ಬಂದ ವರ್ಷ ಯಾರಿಗೂ ನೆನಪಿರಲ್ಲ. ಬರದ ವರ್ಷ ಹೆದ್ದಾರಿಯಲ್ಲಿ ಕೂರಬೇಕು. ಅಚ್ಚುಕಟ್ಟಿನವರ ಅಜ್ಜ ಹೇಳಿದರಲ್ಲ, ಅರೆಬರೆ ವರ್ಷದ ಲೆಕ್ಕ, ಅದು ಇಲ್ಲಿ ಇವತ್ತಿಗೂ ಎಲ್ಲರೂ ಒಪ್ಪುವ ಹಾಗೆ ಕೂತಿಲ್ಲ.

ಒಂದು ಒಳ್ಳೆ ಮಾತೂ ಹೇಳಬೇಕು. 2003ರಲ್ಲಿ ಕರ್ನಾಟಕ, ತಮಿಳುನಾಡು ಎರಡೂ ಕಡೆಯ ರೈತರು ‘ಕಾವೇರಿ ಕುಟುಂಬ’ ಅಂತ ಮಾಡಿಕೊಂಡು, ಒಬ್ಬರ ಗದ್ದೆಗೆ ಒಬ್ಬರು ಹೋಗಿ ನೋಡಿ ಬಂದರು. ವಿವಾದ ಬಗೆಹರಿಯಲಿಲ್ಲ ನಿಜ. ಆದರೆ ಕೋರ್ಟಿನಲ್ಲಿ ನೀರು ಟಿಎಂಸಿ, ಗದ್ದೆ ಬದುವಿನ ಮೇಲೆ ನಿಂತರೆ ಅದು ಒಣಗಿದ ಪೈರು.

ನಿರ್ವಾಹಕ

ಮಂಡ್ಯದವರೇ, ಒಳ್ಳೆಯ ಮಾತು. ಇದರ ಮೇಲೆ ಮುಂದುವರಿಸುವುದಾದರೆ ಬೇರೆ ಚರ್ಚೆ ತೆರೆಯಿರಿ. ಹೋದ ಸಲ ಇಲ್ಲೇ ಶುರುವಾಗಿ 400 ಪ್ರತಿಕ್ರಿಯೆ ಆಯಿತು, ಅರ್ಧ ಅಳಿಸಬೇಕಾಯಿತು.

ಐದನೇ_ಮನೆ

ನಾನು ಬಾಗಿಲು ತೆಗೆಯದವರ ಪೈಕಿ. ನಿಮ್ಮ ಅಪಾರ್ಟ್‌ಮೆಂಟ್ ಅಲ್ಲ, ಬೇರೆ ಕಡೆ, ಆದರೆ ಇದೇ ಕಥೆ. ಮೂರು ದಿನದಿಂದ ಓದುತ್ತಿದ್ದೇನೆ, ಬರೆಯಬೇಕೋ ಬೇಡವೋ ಅಂತ.

ನಮ್ಮತ್ತೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ದಿನಕ್ಕೆ ಎರಡು ಮೂರು ಸಲ ಬೆಡ್‌ಶೀಟ್ ಒಗೆಯಬೇಕು. ರಾತ್ರಿ ಹನ್ನೆರಡಕ್ಕೂ ಬಕೆಟ್ ತುಂಬಿಸಬೇಕಾಗುತ್ತದೆ. ಮೀಟರ್ ಹಾಕಿದರೆ ನಮ್ಮದೇ ಮೇಲೆ ಬರುತ್ತೆ ಅಂತ ಗೊತ್ತು. ದುಡ್ಡು ಕಟ್ಟುವುದು ಕಷ್ಟ ಅಲ್ಲ. ನಮ್ಮಲ್ಲಿ ಬಾಕಿದಾರರ ಪಟ್ಟಿಯನ್ನು ಲಿಫ್ಟ್ ಪಕ್ಕ ಅಂಟಿಸುತ್ತಾರೆ, ನೀರಿನ ಪಟ್ಟಿಯನ್ನೂ ಅಲ್ಲೇ ಹಾಕುತ್ತಾರೆ. ಆಮೇಲೆ ವಾಟ್ಸಾಪ್‌ನಲ್ಲಿ ಯಾರೋ ‘ಇವರ ಮನೆಯಲ್ಲಿ ಆನೆ ಸಾಕಿದ್ದಾರಾ’ ಅಂತ ಬರೆಯುತ್ತಾರೆ, ನಾಲ್ಕು ಜನ ನಗುವ ಚಿತ್ರ ಹಾಕುತ್ತಾರೆ. ನಾನು ನಮ್ಮತ್ತೆಯ ಬೆಡ್‌ಶೀಟ್ ಲೆಕ್ಕವನ್ನು ಪಾರ್ಕಿಂಗ್‌ನಲ್ಲಿ ನಿಂತು ಹೇಳಬೇಕಾ? ಅದಕ್ಕೆ ಸಭೆಯಲ್ಲಿ ಸುಮ್ಮನೆ ಸಹಿ ಹಾಕಿದೆ. ಪ್ಲಂಬರ್ ಬಂದಾಗ ಮಲಗಿದ್ದಾರೆ ಅಂದೆ.

ಸಂಪ್_ಕಾವಲುಗಾರ

ಮೇಡಂ, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ‘ನೋಡೋಣ’ ಅಂದವರ ಮನೆಯ ಬಾಲ್ಕನಿಯಲ್ಲಿ ಯಾವಾಗಲೂ ಬೆಡ್‌ಶೀಟ್ ಒಣಗುತ್ತಿರುತ್ತದೆ. ಹತ್ತು ಸಲ ನೋಡಿದ್ದೇನೆ. ಇವತ್ತು ಅರ್ಥವಾಯಿತು.

ಸ್ವಲ್ಪ ಸಮಯ ಕೊಡಿ. ಮತ್ತೆ ಬಂದು ಬರೆಯುತ್ತೇನೆ.

ಬೈಲಾ_ಭಾವ

ಕಾಯುವಾಗ ಒಂದು ಹಳೆಯ ಉಪಾಯ. ಪಾಲು ಹಾಕುವಾಗ ನಮ್ಮ ಊರುಗಳಲ್ಲಿ ದೊಡ್ಡವನು ಭಾಗ ಮಾಡುತ್ತಾನೆ, ಚಿಕ್ಕವನು ಮೊದಲು ಆರಿಸಿಕೊಳ್ಳುತ್ತಾನೆ. ಯಾವ ಪಾಲು ತನಗೆ ಉಳಿಯುತ್ತೆ ಅಂತ ದೊಡ್ಡವನಿಗೆ ಗೊತ್ತಿಲ್ಲದ್ದರಿಂದ ತೂಗಿ ಅಳೆದು ಮಾಡುತ್ತಾನೆ. ನೀರಿಗೆ ಇದು ನೇರವಾಗಿ ಹೊಂದಲ್ಲ. ಆದರೆ ಬಿಲ್ಲಿನ ಲೆಕ್ಕ ಮಾಡುವ ಸಮಿತಿಯಲ್ಲಿ ಇಬ್ಬರಿರುವ ಮನೆಯವರ ಜೊತೆ ಒಂದು ದೊಡ್ಡ ಕುಟುಂಬವನ್ನೂ ಕೂರಿಸಿ.

ಸಂಪ್_ಕಾವಲುಗಾರ (ಮೂರು ತಿಂಗಳ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಹೇಳಿದ್ದನ್ನೆಲ್ಲ ಮಾಡಲು ಆಗಲಿಲ್ಲ, ಆದಷ್ಟು ಮಾಡಿದೆವು.

ಮೊದಲು ಆ ‘ಸರ್ವಾನುಮತ’ದ ನಿರ್ಣಯವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇವೆ ಅಂತ ನೋಟಿಸ್ ಹಾಕಿದೆ. ಮರ್ಯಾದೆ ಹೋದ ಹಾಗೆ ಅನ್ನಿಸಿತು, ಸುಳ್ಳು ಹೇಳಲ್ಲ. ಆಮೇಲೆ ಸಂಜೆ ಹೊತ್ತು ಒಂದೊಂದೇ ಮನೆಗೆ ಹೋದೆವು, ನಾನು ಮತ್ತು ನನ್ನ ಹೆಂಡತಿ. 48ರಲ್ಲಿ 39 ಮನೆ ಮುಗಿಯಿತು. ಎಷ್ಟು ಕಾಫಿ ಕುಡಿದೆ ಅಂತ ಕೇಳಬೇಡಿ. ಸಭೆಯಲ್ಲಿ ಬಾಯಿ ಬಿಡದವರು ಸೋಫಾ ಮೇಲೆ ಕೂತು ಮುಕ್ಕಾಲು ಗಂಟೆ ಮಾತಾಡಿದರು. ನಮ್ಮಲ್ಲಿ ಒಂದು ಮನೆಗೆ ನೀರು ನಾಲ್ಕು ಕಡೆಯಿಂದ ಬರುತ್ತೆ, ಎರಡು ಬಾತ್‌ರೂಮ್, ಅಡುಗೆಮನೆ, ಯುಟಿಲಿಟಿ. ಅಂದರೆ ಮನೆಗೆ ನಾಲ್ಕು ಮೀಟರ್. ಈ ಖರ್ಚನ್ನು ನಾನು ಸಭೆಯಲ್ಲಿ ಹೇಳಿರಲೇ ಇಲ್ಲ. ಅದನ್ನು ನೆನಪಿಸಿದ್ದು ಒಬ್ಬ ಅಜ್ಜಿ.

ಎರಡನೆಯದು, ಮೋಟಾರ್ ನೋಡಿಕೊಳ್ಳುವ ಹುಡುಗನನ್ನು ಕೂರಿಸಿ ಕೇಳಿದೆ. ನೀರುಗಂಟಿ_ಮೊಮ್ಮಗ, ಇದು ನಿಮ್ಮಿಂದ. ಅವನು ಹೇಳಿದ್ದು: ‘ಸಾರ್, ಮನೆ ಮನೆಗೆ ಆಮೇಲೆ ಹಾಕಿ. ಮೊದಲು ಮೇಲಿನ ಟ್ಯಾಂಕ್‌ನಿಂದ ಇಳಿಯುವ ದೊಡ್ಡ ಪೈಪ್‌ಗಳಿಗೆ ಹಾಕಿ. ರಾತ್ರಿ ಎಲ್ಲ ಮಲಗಿದ ಮೇಲೂ ಟ್ಯಾಂಕ್ ಇಳಿಯುತ್ತೆ. ಎರಡು ವರ್ಷದಿಂದ ನೋಡ್ತಿದ್ದೀನಿ.’ ಯಾಕೆ ಹೇಳಲಿಲ್ಲ ಅಂದರೆ, ‘ಯಾರೂ ಕೇಳಲಿಲ್ಲ’ ಅಂದ.

ಐದು ದೊಡ್ಡ ಮೀಟರ್ ಹಾಕಿಸಿದೆವು. ರಾತ್ರಿ ಒಂದು ಗಂಟೆಗೆ ಟಾರ್ಚ್ ಹಿಡಿದು ಓದಿದೆವು, ಮತ್ತೆ ನಾಲ್ಕಕ್ಕೆ. ಮೂರು ಗಂಟೆಯಲ್ಲಿ ಒಂದೇ ಪೈಪ್‌ನಲ್ಲಿ 1,100 ಲೀಟರ್ ಹೋಗಿತ್ತು! ಆ ಸಾಲಿನ ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದರೆ ಸಿಕ್ಕಿದ್ದು ಬೀಗ ಹಾಕಿದ ಮನೆ. ಮಾಲೀಕರು ವಿದೇಶದಲ್ಲಿದ್ದಾರೆ. ಫ್ಲಶ್ ಟ್ಯಾಂಕ್ ಕೆಟ್ಟು ಹಗಲೂ ರಾತ್ರಿ ಸುರಿಯುತ್ತಿತ್ತು. ಎಷ್ಟು ತಿಂಗಳಿಂದಲೋ ದೇವರಿಗೇ ಗೊತ್ತು. ಇಷ್ಟು ದಿನ ನಾವೆಲ್ಲ ಬೈಯುತ್ತಿದ್ದದ್ದು ಅದರ ಮೇಲಿನ ಏಳು ಜನರ ಮನೆಯನ್ನು. ನಾನೂ ಬೈದಿದ್ದೇನೆ. ಹೋಗಿ ಕ್ಷಮೆ ಕೇಳಿದೆ, ಅವರು ಹೋಳಿಗೆ ಕೊಟ್ಟು ಕಳಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯದು ಚೀಟಿ. ಮೇಷ್ಟ್ರು ಹೇಳಿದ ಹಾಗೆ ನಡೆಯುವುದಕ್ಕೆಲ್ಲ ಟಿಕ್. 44 ಚೀಟಿ ಬಂದವು. ಬರೀ ಮೀಟರ್‌ಗೆ 23, ತಲೆ ಲೆಕ್ಕಕ್ಕೆ 12, ಸಮಪಾಲಿಗೆ 19. ಮಾತುಕತೆಯಲ್ಲಿ ಹುಟ್ಟಿದ ನಾಲ್ಕನೇ ದಾರಿಗೆ 38. ಅದು ಹೀಗೆ: ಪ್ರತಿ ಮನೆಗೂ ಇಷ್ಟು ನೀರು ಅಂತ ಒಂದು ಮಟ್ಟ, ಅಲ್ಲಿಯವರೆಗೆ ಎಲ್ಲರಿಗೂ ಒಂದೇ ದುಡ್ಡು. ಅದರ ಮೇಲೆ ಹೋದರೆ ಮಾತ್ರ ಮೀಟರ್ ಲೆಕ್ಕ. ಕಾಯಿಲೆ, ಬಾಣಂತಿ, ಅಂಥದ್ದೇನಾದರೂ ಇದ್ದರೆ ಮಟ್ಟ ಏರಿಸಬಹುದು, ಕಾರಣ ಒಬ್ಬರಿಗೆ ಮಾತ್ರ ಹೇಳಿದರೆ ಸಾಕು. ಆ ಒಬ್ಬರು ನಾನಲ್ಲ, ನಮ್ಮಲ್ಲಿನ ಒಬ್ಬ ನಿವೃತ್ತ ನರ್ಸ್. ಬಿಲ್ ಅವರವರ ಮನೆಗೆ, ಲಿಫ್ಟ್ ಪಕ್ಕಕ್ಕಲ್ಲ.

ಮೂರು ತಿಂಗಳು ಸುಮ್ನೆ ಓದುವುದಷ್ಟೇ, ದುಡ್ಡು ಹಳೆಯ ಲೆಕ್ಕದಲ್ಲೇ. ಇಲ್ಲಿಯವರೆಗೆ 41 ಮನೆಗೆ ಮೀಟರ್ ಆಗಿದೆ. ಉಳಿದ ಏಳರಲ್ಲಿ ಇಬ್ಬರು ಖಡಾಖಂಡಿತವಾಗಿ ಬೇಡ ಅಂದಿದ್ದಾರೆ, ಸಭೆಯಲ್ಲೇ, ಎದ್ದು ನಿಂತು. ಖುಷಿಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ಗೊತ್ತಾಗುತ್ತಿಲ್ಲ.

ಎಲಿ_ಅಡಿಕಿ

ಭಾಳ ಛಲೋ ಆತ್ರಿ ಅಣ್ಣಾರ. ಎದ್ದು ನಿಂತು ಬೇಡ ಅಂದವರನ್ನು ಹಿಡಿದಿಟ್ಟುಕೊಳ್ಳಿರಿ.

ನೀರುಗಂಟಿ_ಮೊಮ್ಮಗ

ಆ ಹುಡುಗ ಮುಂದಿನ ಸಭೆಯಲ್ಲಿ ಎಲ್ಲಿರುತ್ತಾನೆ?

ಸಂಪ್_ಕಾವಲುಗಾರ

ನನ್ನ ಪಕ್ಕದ ಕುರ್ಚಿಯಲ್ಲಿ. ಮೀಟರ್ ಪುಸ್ತಕ ಅವನ ಕೈಯಲ್ಲೇ ಇದೆ. ತಿಂಗಳಿಗೆ ಇಷ್ಟು ಅಂತ ಬೇರೆ ಸಂಬಳ ಕೇಳಿದ್ದಾನೆ, ಅದು ಕಾರ್ಯಸೂಚಿಯಲ್ಲಿ ಮೊದಲನೇದು. ಎರಡನೇದು ಬೀಗ ಹಾಕಿದ ಮನೆಯವರದ್ದು. ಫ್ಲಶ್ ರಿಪೇರಿಗೆ 650 ರೂಪಾಯಿ ಆಯಿತು, ತಮ್ಮನ್ನು ಕೇಳದೆ ಬೀಗ ತೆಗೆಸಿದ್ದಕ್ಕೆ ಅದನ್ನು ಸಂಘವೇ ಕೊಡಬೇಕು ಅಂತ ಈಮೇಲ್ ಬಂದಿದೆ.

ಮೂರನೇ_ಮಹಡಿ

ನಾಯಿ ವಿಷಯ ಕೊನೆಗೆ ಇಟ್ಟುಕೊಳ್ಳಿ.